ಇಂಗ್ಲೆಂಡಿನ ಒದ್ದೆ ಚಳಿಗಾಲದಲ್ಲಿ ಬಾಳೆ, ತಾಳೆ, ಸುಗಂಧಿ ಉಳಿಸಿಕೊಳ್ಳುವುದು ಹೇಗೆ?

ಹಿತ್ತಲಬಾಳೆ
ನಮಸ್ಕಾರ. ನಾವಿರುವುದು ಲಂಡನ್ನಿನ ಹ್ಯಾರೋ ಕಡೆ. ಮನೆ ಹಿಂದೆ ಸಣ್ಣ ಹಿತ್ತಲು, ಮಣ್ಣು ಅಪ್ಪಟ ಜೇಡಿ. ಅಲ್ಲಿ ಮೂಸಾ ಬಾಸ್ಜೂ ಬಾಳೆಯ ಒಂದು ಗುಂಪು, ಟ್ರಾಕಿಕಾರ್ಪಸ್ ತಾಳೆ ಒಂದು, ಸುರುಳಿ ಸುಗಂಧಿ ಎರಡು ಬಗೆ, ಬೇಲಿ ಪಕ್ಕ ಕ್ಯಾನಾ (ಕಾಬಾಳೆ) ಇವೆ. ನರ್ಸರಿಯ ಚೀಟಿಯಲ್ಲಿ ಬಾಳೆ ಮೈನಸ್ 10ರವರೆಗೆ ತಡೆಯುತ್ತದೆ, ತಾಳೆ ಮೈನಸ್ 15ರವರೆಗೆ ತಡೆಯುತ್ತದೆ ಅಂತ ಬರೆದಿತ್ತು.

ಹೋದ ಚಳಿಗಾಲ ನಮ್ಮಲ್ಲಿ ಮೈನಸ್ 4ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಆದರೂ ಮಾರ್ಚ್‌ನಲ್ಲಿ ಬಾಳೆಗೆ ಸುತ್ತಿದ್ದ ಫ್ಲೀಸ್ (ಚಳಿಗೆ ಗಿಡಕ್ಕೆ ಹೊದಿಸುವ ತೆಳು ಬಟ್ಟೆ) ಬಿಚ್ಚಿದರೆ ಒಂದೇ ನಾತ. ಕಂಬ ಒತ್ತಿದರೆ ಬೆರಳು ಒಳಗೇ ಹೋಯಿತು. ತಾಳೆಯ ಸುಳಿ ಮೆಲ್ಲಗೆ ಎಳೆದರೆ ಕೈಗೇ ಬಂತು. ಬುಡ ಕಂದು ಬಣ್ಣ, ಲೋಳೆ ಲೋಳೆ. ಬಿಳಿ ಸುಗಂಧಿ ಗೆಡ್ಡೆ ಹಿಸುಕಿದರೆ ನೀರು. ಜೂನ್‌ನಲ್ಲಿ ಬಾಳೆ ಬುಡದಿಂದ ಹೊಸ ಕಂದು ಹೊಡೆದು ಮೇಲೆ ಬಂತು, ತಾಳೆಯೂ ಹೇಗೋ ಉಸಿರಾಡಿಕೊಂಡಿದೆ.

ಈಗ ಅಕ್ಟೋಬರ್ ಮುಗಿಯುತ್ತಾ ಬಂತು, ಮಳೆ ಹಿಡಿದಿದೆ. ಚೀಟಿ ಸುಳ್ಳಾ, ನಮ್ಮ ಹಿತ್ತಲೇ ಸರಿ ಇಲ್ವಾ? ಈ ಸಲ ಏನು ಹೊದಿಸಬೇಕು, ಯಾವಾಗ ಹೊದಿಸಬೇಕು?

ಬೆಂಗ್ಳೂರ್‌ಹುಡ್ಗ
ಟೂಟಿಂಗ್‌ಗೆ ಹೋಗಿ, ಅಲ್ಲಿನ ನಮ್ಮವರ ಅಂಗಡಿಗಳಲ್ಲಿ ಬಾಳೆಎಲೆ ಕಟ್ಟು ಸಿಗುತ್ತದೆ. ಸಮಸ್ಯೆ ಮುಗೀತು ಗುರೂ 😄

ಹಿತ್ತಲಬಾಳೆ
ನಮ್ಮ ಮನೆಯಲ್ಲೂ ಇದೇ ಮಾತು. ಎಲೆಗಾಗಿ ಅಲ್ಲ ಮಾರಾಯ್ರೆ. ವರಮಹಾಲಕ್ಷ್ಮಿ ಹಬ್ಬದ ದಿನ ಹಿತ್ತಲಿನಿಂದಲೇ ಬಾಳೆಕಂದು ತಂದು ಮಂಟಪಕ್ಕೆ ಕಟ್ಟುವ ಖುಷಿಯೇ ಬೇರೆ.

ಗಾಜಿನಮನೆ
ಚೀಟಿ ಸುಳ್ಳಲ್ಲ, ಅರ್ಧ ಸತ್ಯ. ನಾನು ಇಲ್ಲಿನ ಒಂದು ನರ್ಸರಿಯಲ್ಲಿ ಕೆಲಸ ಮಾಡುವವಳು, ಪ್ರತಿ ವಸಂತದಲ್ಲಿ ಜನ ಇದೇ ದೂರು ಹಿಡಿದು ಬರುತ್ತಾರೆ.

ಬಾಸ್ಜೂ ಮೂಲತಃ ದಕ್ಷಿಣ ಚೀನಾದ್ದು. ಟ್ರಾಕಿಕಾರ್ಪಸ್ ಕೂಡ ಚೀನಾದ ಬೆಟ್ಟದ ಕಡೆಯದು. ಅಲ್ಲೆಲ್ಲ ಮಳೆ ಬೇಸಿಗೆಯಲ್ಲಿ ಜಾಸ್ತಿ, ಚಳಿಗಾಲ ತಣ್ಣಗಿದ್ದರೂ ಹೆಚ್ಚುಕಡಿಮೆ ಒಣ. ಬ್ರಿಟನ್ನಿನಲ್ಲಿ ಗಿಡ ಬೆಳೆಯುವ ಬೇಸಿಗೆಯಲ್ಲಿ ನಾವು ಪೈಪ್ ಹಿಡಿದು ನೀರು ಹಾಕುತ್ತೇವೆ, ಗಿಡ ಮಲಗಿರುವಾಗ ಆಕಾಶ ಸುರಿಯುತ್ತದೆ. ಒಣ ಚಳಿಯಲ್ಲಿ ಮೈನಸ್ 10 ತಡೆಯುವ ಗೆಡ್ಡೆ, ತಿಂಗಳುಗಟ್ಟಲೆ ನೀರಲ್ಲಿ ನೆನೆದಿದ್ದರೆ ಮೈನಸ್ 3ಕ್ಕೇ ಕೈಕೊಡಬಹುದು. ಚಳಿ ಗಿಡವನ್ನು ಗಾಯ ಮಾಡುತ್ತದೆ, ನೀರು ಆ ಗಾಯ ಕೊಳೆಯುವ ಹಾಗೆ ಮಾಡುತ್ತದೆ.

ನಿಮ್ಮ ವಿವರ ನೋಡಿದರೆ ಎಲ್ಲವೂ ಕೊಳೆತ, ಹಿಮ ಹೊಡೆತ ಅಲ್ಲ. ಬರೀ ಹಿಮ ಹೊಡೆದ ಬಾಳೆ ಎಲೆ ಕಪ್ಪಾಗಿ ಕಾಗದದ ಹಾಗೆ ಒಣಗುತ್ತದೆ, ನಾರುವುದಿಲ್ಲ. ಬಾಳೆಗೆ ಫ್ಲೀಸ್ ಮಾತ್ರ ಸುತ್ತಿದ್ದಿರಾ, ಅದರ ಮೇಲೆ ಪ್ಲಾಸ್ಟಿಕ್ ಏನಾದರೂ ಇತ್ತಾ?

ಹಿತ್ತಲಬಾಳೆ
ಹೌದು ಅಕ್ಕ, ಫ್ಲೀಸ್ ಮೇಲೆ ಬಬಲ್ ರ‍್ಯಾಪ್, ಅದರ ಮೇಲೆ ಕಪ್ಪು ಚೀಲ, ಬಿಗಿಯಾಗಿ ಟೇಪ್. ಒಂದು ವಿಡಿಯೋದಲ್ಲಿ ಹಾಗೇ ತೋರಿಸಿದ್ದರು.

ಗಾಜಿನಮನೆ
ಅದೇ. ಬಾಳೆಕಂಬ ಅಂದರೆ ಒಂದರ ಮೇಲೊಂದು ಸುತ್ತಿಕೊಂಡ ಎಲೆಬುಡ, ಮುಕ್ಕಾಲುಪಾಲಿಗಿಂತ ಹೆಚ್ಚು ನೀರೇ. ಬಿಗಿಯಾಗಿ ಪ್ಲಾಸ್ಟಿಕ್ ಸುತ್ತಿದರೆ ಒಳಗಿನ ಹಬೆ ಹೊರಗೆ ಹೋಗುವುದಿಲ್ಲ. ಬಿಸಿಲು ಬಂದ ದಿನ ಬೆವರುತ್ತದೆ, ರಾತ್ರಿ ಆ ಬೆವರೇ ತಣ್ಣಗಾಗಿ ಕಂಬದ ಮೇಲೆ ಇಳಿಯುತ್ತದೆ. ಮಳೆ ತಡೆದರೂ ಒಳಗೆ ಮಳೆಗಾಲವೇ.

ಮಲೆನಾಡ್‌ಮಾಣಿ
ಸಾಗರದವನು, ಈಗ ಬ್ರಿಸ್ಟಲ್‌ನಲ್ಲಿದ್ದೇನೆ. ಇದನ್ನು ಓದುತ್ತಾ ನಗು ಬಂತು, ಯಾಕೆಂದರೆ ನಮ್ಮ ಊರಿನವರಿಗೆ ಇದು ಹೊಸ ವಿದ್ಯೆ ಅಲ್ಲ. ಅಡಿಕೆ ಗೊನೆಗೆ ಮಳೆಗಾಲದ ಮುಂಚೆ ಕೊಟ್ಟೆ ಕಟ್ಟುವುದನ್ನು ನೋಡಿದ್ದೀರಲ್ಲ? ಹುಲ್ಲಿನ ಕೊಟ್ಟೆ ಇರಲಿ, ಈಗಿನ ಪ್ಲಾಸ್ಟಿಕ್ ಕೊಟ್ಟೆ ಇರಲಿ, ಮೇಲೆ ಬಿಗಿ, ಕೆಳಗೆ ಬಾಯಿ ತೆರೆದೇ ಇರಬೇಕು. ನೀರು ಮೇಲಿಂದ ಇಳಿಯಬಾರದು, ಗಾಳಿ ಕೆಳಗಿಂದ ಆಡಬೇಕು. ಕೆಳಗೂ ಮುಚ್ಚಿದರೆ ಕೊಳೆರೋಗ ಕೊಟ್ಟೆಯೊಳಗೇ ಶುರು.

ನಾನು ಬ್ರಿಸ್ಟಲ್‌ನಲ್ಲಿ ಬಾಸ್ಜೂಗೆ ಮಾಡುವುದೂ ಅದೇ ಲೆಕ್ಕದಲ್ಲಿ. ನಾಲ್ಕು ಬಿದಿರು ಕೋಲು, ಸುತ್ತ ಕೋಳಿ ಬಲೆ, ಒಳಗೆ ಒಣ ಹುಲ್ಲು ಸಡಿಲವಾಗಿ ತುಂಬುತ್ತೇನೆ. ಒತ್ತಿ ಒತ್ತಿ ತುಂಬಬಾರದು. ಮೇಲೆ ಒಂದು ತುಂಡು ಅಲೆಅಲೆ ಪ್ಲಾಸ್ಟಿಕ್ ತಗಡು, ಒಂದು ಕಡೆಗೆ ಇಳಿಜಾರಾಗಿ. ತಗಡಿಗೂ ಹುಲ್ಲಿಗೂ ನಡುವೆ ಒಂದು ಗೇಣು ಜಾಗ ಬಿಡಬೇಕು. ಬದಿಗೆ ಏನೂ ಸುತ್ತುವುದಿಲ್ಲ. ತಗಡನ್ನು ಹಗ್ಗದಿಂದ ಚೆನ್ನಾಗಿ ಕಟ್ಟಿ, ಇಲ್ಲಾಂದ್ರೆ ಮೊದಲ ಬಿರುಗಾಳಿಗೆ ಪಕ್ಕದ ಮನೆಯವರ ಕಾರಿನ ಮೇಲೆ ಹೋಗಿ ಕೂರುತ್ತದೆ.

ಉತ್ತರದಚಳಿ
ಎಲ್ಲದಕ್ಕೂ ಮಳೆಯನ್ನೇ ಬೈಯುವುದು ದಕ್ಷಿಣ ಇಂಗ್ಲೆಂಡಿನವರ ಚಟ. ನಾನು ಅಬರ್ಡೀನ್‌ನಲ್ಲಿದ್ದೇನೆ. 2010ರ ಡಿಸೆಂಬರ್ ನೆನಪಿದೆಯಾ ಯಾರಿಗಾದರೂ? ಬ್ರಿಟನ್ನಿನಲ್ಲಿ ನೂರು ವರ್ಷಗಳಲ್ಲೇ ಅಷ್ಟು ಚಳಿಯ ಡಿಸೆಂಬರ್ ಆಗಿರಲಿಲ್ಲ. ಮನೆ ಮನೆ ಮುಂದಿದ್ದ, ತಾಳೆಯ ಹಾಗೆ ಕಾಣುವ ಕಾರ್ಡಿಲೈನ್ ಮರಗಳು ಸಾಲುಸಾಲಾಗಿ ಸತ್ತವು. ಅದು ಮಳೆಯಲ್ಲ, ಶುದ್ಧ ಚಳಿ. 2022ರ ಡಿಸೆಂಬರ್ ಮಧ್ಯದಲ್ಲೂ ಒಂದು ವಾರ ಹಾಗೇ ಬಂತು. ಸುತ್ತ ಗಾಳಿಗೆ ಬಿಟ್ಟು ತಲೆಗೆ ಮಾತ್ರ ಚಾವಣಿ ಹಾಕಿದರೆ ನಮ್ಮ ಕಡೆ ಗಿಡ ಹೆಪ್ಪುಗಟ್ಟುತ್ತದೆ ಅಷ್ಟೆ.

ಗಾಜಿನಮನೆ
@ಉತ್ತರದಚಳಿ ಒಪ್ಪಿದೆ, ಆದರೆ ಕಾರ್ಡಿಲೈನ್ ಉದಾಹರಣೆ ಇಲ್ಲಿ ಹೊಂದುವುದಿಲ್ಲ. ಅದು ನ್ಯೂಜಿಲೆಂಡ್‌ನದು, ವರ್ಷವಿಡೀ ಮಳೆ ಬೀಳುವ ಜಾಗದ್ದು. ಒದ್ದೆಗೆ ಅಂಜುವುದಿಲ್ಲ, ದೀರ್ಘ ಹೆಪ್ಪು ಚಳಿಗೆ ಅಂಜುತ್ತದೆ. ಬಾಳೆ, ಟ್ರಾಕಿ, ಸುಗಂಧಿ ಇವು ಮುಂಗಾರಿನ ಗಿಡಗಳು. ಇವಕ್ಕೆ ಅದರ ಉಲ್ಟಾ. ಎಲ್ಲವನ್ನೂ "ಉಷ್ಣವಲಯದ ಗಿಡ" ಅಂತ ಒಂದೇ ಚೀಲಕ್ಕೆ ಹಾಕಿ ಒಂದೇ ಔಷಧಿ ಹೇಳುವುದೇ ತಪ್ಪು.

ಕಾರ್ಡಿಫ್‌ಮಳೆ
ಹಾಗಾದರೆ ಮರಜರಿಗಿಡ? ನನ್ನ ಹತ್ತಿರ ಡಿಕ್ಸೋನಿಯಾ ಅಂಟಾರ್ಕ್ಟಿಕಾ ಇದೆ, ಎದೆ ಎತ್ತರ. ಇಲ್ಲಿ ಮಳೆಗೆ ಬರವೇ ಇಲ್ಲ, ಕೊಡೆ ಹಿಡಿಯಬೇಕಾ ಅದಕ್ಕೂ?

ಗಾಜಿನಮನೆ
ಬೇಡ. ಅದು ಟಾಸ್ಮೇನಿಯಾ, ಆಗ್ನೇಯ ಆಸ್ಟ್ರೇಲಿಯಾದ ತೇವದ ಕಾಡಿನದು. ನಾವು ಕಾಂಡ ಅನ್ನುವುದೇ ಬಹುಪಾಲು ಬೇರಿನ ರಾಶಿ. ಅದು ಒಣಗಲೇಬಾರದು, ಬೇಸಿಗೆಯಲ್ಲಿ ಕಾಂಡದ ಮೇಲೇ ನೀರು ಸುರಿಯಬೇಕು. ಚಳಿಗಾಲದಲ್ಲಿ ಕಾಯಬೇಕಾದ್ದು ನೆತ್ತಿ ಮಾತ್ರ. ನೆತ್ತಿಯ ಗುಂಡಿಯಲ್ಲಿ ಒಂದೆರಡು ಹಿಡಿ ಒಣ ಹುಲ್ಲು ಸಡಿಲವಾಗಿ ಇಡಿ, ಹಳೆಯ ಗರಿಗಳನ್ನು ಕತ್ತರಿಸದೆ ಒಳಕ್ಕೆ ಮಡಚಿ ಅದರ ಮೇಲೆ ಕಟ್ಟಿ. ಕಾರ್ಡಿಫ್‌ನಲ್ಲಿ ಇಷ್ಟು ಸಾಕು. ಹುಲ್ಲು ನೆನೆದು ಮುದ್ದೆಯಾದರೆ ತೆಗೆದು ಹೊಸದು ಇಡಿ.

ಕಾರ್ಡಿಫ್‌ಮಳೆ
ಧನ್ಯವಾದ ಅಕ್ಕ. ಮೊನ್ನೆಯಷ್ಟೇ ಅದಕ್ಕೆ ಒಂದು ದೊಡ್ಡ ಪ್ಲಾಸ್ಟಿಕ್ ಬಕೆಟ್ ಮಗುಚಿ ಹಾಕಲು ಹೊರಟಿದ್ದೆ.

ಲೆಕ್ಕದವ
ಒಂದು ಲೆಕ್ಕ ಹೇಳುತ್ತೇನೆ, ಬೇಜಾರಾಗಬೇಡಿ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಲಂಡನ್ನಿಗೆ ಸುಮಾರು 600. ಆಗುಂಬೆಗೆ 7000 ದಾಟುತ್ತದೆ. ಹಾಗಿದ್ದರೆ ಬೆಂಗಳೂರಿನ, ಆಗುಂಬೆಯ ಬಾಳೆಗಳೆಲ್ಲ ಕೊಳೆತು ಹೋಗಬೇಕಿತ್ತಲ್ಲ? "ನೀರು ಕೊಲ್ಲುತ್ತದೆ" ಅನ್ನುವ ಮಾತು ಅಷ್ಟು ಸಲೀಸಲ್ಲ.

ಹಿತ್ತಲಬಾಳೆ
ಅಯ್ಯೋ ಲಂಡನ್ನಿಗಿಂತ ಬೆಂಗಳೂರಿಗೆ ಮಳೆ ಜಾಸ್ತಿನಾ!

ಮರಳುಮಣ್ಣು
ಲೆಕ್ಕದವರೇ, ಎಷ್ಟು ಬಿತ್ತು ಅನ್ನುವುದಲ್ಲ, ಎಷ್ಟು ಹೊತ್ತು ನಿಂತಿತು ಅನ್ನುವುದು ಮುಖ್ಯ. ಬೆಂಗಳೂರಲ್ಲಿ ಸಂಜೆ ಧೋ ಅಂತ ಸುರಿದು ಮರುದಿನ ಹತ್ತು ಗಂಟೆಗೆ ಅಂಗಳ ಒಣಗಿರುತ್ತದೆ. ಲಂಡನ್ನಿನ ಡಿಸೆಂಬರ್‌ನಲ್ಲಿ ಹಗಲೇ ಎಂಟು ಗಂಟೆಗಿಂತ ಕಡಿಮೆ, ಸೂರ್ಯ ಬೇಲಿ ದಾಟಿ ಮೇಲೆ ಬರುವುದಿಲ್ಲ. ಬಿದ್ದ ನೀರು ಆವಿಯಾಗುವುದೇ ಇಲ್ಲ. ಒಮ್ಮೆ ನೆನೆದ ಜೇಡಿಮಣ್ಣು ಮಾರ್ಚ್‌ವರೆಗೆ ಹಾಗೇ ಇರುತ್ತದೆ.

ಮಲೆನಾಡ್‌ಮಾಣಿ
ಇನ್ನೊಂದು ವಿಷಯ. ಆಗುಂಬೆಯಲ್ಲಿ ಮಳೆ ಬೀಳುವಾಗ ಬಾಳೆ ಬೆಳೆಯುತ್ತಿರುತ್ತದೆ, ನೀರು ಕುಡಿಯುತ್ತದೆ. ಇಲ್ಲಿ ಮಲಗಿರುತ್ತದೆ, ಕುಡಿಯುವುದಿಲ್ಲ. ಡೇರೆ ಹೂ ನೋಡಿ. ನಮ್ಮ ಮಲೆನಾಡಿನಲ್ಲಿ ಜಡಿಮಳೆಯಲ್ಲೇ ಡೇರೆ ಅರಳುವುದು, ಅಮ್ಮಂದಿರು ಮನೆ ಮುಂದೆ ಪೈಪೋಟಿ ಮೇಲೆ ಬೆಳೆಸುತ್ತಾರೆ. ಅದೇ ಡೇಲಿಯಾ ಗೆಡ್ಡೆಯನ್ನು ಇಲ್ಲಿ ಜೇಡಿಯಲ್ಲಿ ಬಿಟ್ಟರೆ ಫೆಬ್ರವರಿ ಹೊತ್ತಿಗೆ ಗಂಜಿ.

ಲೆಕ್ಕದವ
ಸರಿ, ಈ ಮಾತು ಒಪ್ಪುತ್ತೇನೆ. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್‌ನಿಂದ 2024ರ ಮಾರ್ಚ್‌ವರೆಗಿನ 18 ತಿಂಗಳು, 1836ರಿಂದ ಇಟ್ಟಿರುವ ದಾಖಲೆಯಲ್ಲೇ ಅತಿ ಹೆಚ್ಚು ಮಳೆಯ 18 ತಿಂಗಳು. ಆ ಅವಧಿಯಲ್ಲಿ ಯಾರ ಗಿಡ ಉಳಿಯಿತು, ಅವರ ಮಾತು ಕೇಳುವುದು ಒಳ್ಳೆಯದು.

ಮರಳುಮಣ್ಣು
ನನ್ನದು ಉಳಿಯಿತು. ನಾರ್ವಿಚ್ ಕಡೆ ಮರಳು ಮಿಶ್ರ ಮಣ್ಣು. ಬಾಸ್ಜೂಗೆ ಬುಡಕ್ಕೆ ದಪ್ಪನೆ ಒಣ ಎಲೆ ಹಾಕಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಕಂಬ ಹೋಯಿತು, ಬುಡ ಗಟ್ಟಿಯಾಗಿತ್ತು, ಆಗಸ್ಟ್‌ಗೆ ಬೇಲಿ ದಾಟಿ ಎದ್ದಿತ್ತು. ಇದು ನನ್ನ ಜಾಣತನ ಅಲ್ಲ, ಮಣ್ಣಿನ ಗುಣ.

ಹಿತ್ತಲಬಾಳೆ
ಹಾಗಾದರೆ ನಾನು ಗುಂಡಿ ತೋಡಿ ಜೇಡಿ ತೆಗೆದು ಜಲ್ಲಿ, ಮರಳು, ಗೊಬ್ಬರ ತುಂಬಿ ನೆಟ್ಟರೆ ಆಯಿತಲ್ಲ?

ಮರಳುಮಣ್ಣು
ಬೇಡವೇ ಬೇಡ! ಸುತ್ತ ಜೇಡಿ, ನಡುವೆ ಮಾತ್ರ ಸಡಿಲ ಮಣ್ಣು ಅಂದರೆ ಸುತ್ತಲಿನ ನೀರೆಲ್ಲ ಆ ಗುಂಡಿಗೇ ಇಳಿದು ನಿಲ್ಲುತ್ತದೆ. ತಳದಲ್ಲಿ ಜಲ್ಲಿ ಹಾಕಿದರೂ ಆ ನೀರು ಹೋಗುವುದು ಎಲ್ಲಿಗೆ? ತೋಡುವ ಬದಲು ಏರಿಸಿ. ಒಂದು ಅಡಿ ಎತ್ತರದ ಮಣ್ಣಿನ ದಿಬ್ಬ ಮಾಡಿ ಅದರ ಮೇಲೆ ನೆಡಿ. ದಿಬ್ಬದ ಮಣ್ಣಿಗೆ ದಪ್ಪ ಕಣದ ಗ್ರಿಟ್ (ಸಣ್ಣ ಕಲ್ಲುಚೂರು) ಧಾರಾಳವಾಗಿ ಬೆರೆಸಿ. ನಯವಾದ ಮರಳು ಬೇಡ, ಜೇಡಿಗೆ ಬೆರೆತರೆ ಇಟ್ಟಿಗೆ ಆಗುತ್ತದೆ.

ಲೆಕ್ಕದವ
ತಕರಾರು. ಒದ್ದೆ ಮಣ್ಣು ಒಣ ಮಣ್ಣಿಗಿಂತ ನಿಧಾನವಾಗಿ ತಣ್ಣಗಾಗುತ್ತದೆ, ಹೆಚ್ಚು ಶಾಖ ಹಿಡಿದಿಟ್ಟುಕೊಳ್ಳುತ್ತದೆ. ಇದು ಶಾಲೆಯ ಭೌತಶಾಸ್ತ್ರ. ದಿಬ್ಬ ಮಾಡಿದರೆ ನಾಲ್ಕೂ ಕಡೆಯಿಂದ ಚಳಿ ಹೊಡೆದು ಬೇಗ ಹೆಪ್ಪುಗಟ್ಟುತ್ತದೆ.

ಉತ್ತರದಚಳಿ
ಇದನ್ನೇ ನಾನು ಹೇಳಿದ್ದು!!

ಗಾಜಿನಮನೆ
ಇಬ್ಬರ ಮಾತೂ ನಿಜ. ಆದರೆ ಬೇರಿಗೆ ಶಾಖಕ್ಕಿಂತ ಮೊದಲು ಉಸಿರು ಬೇಕು. ನೀರು ತುಂಬಿದ ಜೇಡಿಯಲ್ಲಿ ಗಾಳಿಗೆ ಜಾಗವಿಲ್ಲ. ಆಮ್ಲಜನಕ ಸಿಗದೆ ಬೇರು ಸಾಯುತ್ತದೆ, ಸತ್ತ ಬೇರಿಗೆ ಫೈಟಾಫ್ತೊರಾದಂಥ ರೋಗ ಹತ್ತುತ್ತದೆ, ಅದು ಗೆಡ್ಡೆಗೆ ಹಬ್ಬುತ್ತದೆ. ಇದಕ್ಕೆ ಹಿಮವೇ ಬೀಳಬೇಕೆಂದಿಲ್ಲ, 5 ಡಿಗ್ರಿಯಲ್ಲೂ ಆಗುತ್ತದೆ. ದಕ್ಷಿಣ ಇಂಗ್ಲೆಂಡಿನಲ್ಲಿ ಮಣ್ಣು ಹೆಪ್ಪುಗಟ್ಟುವುದು ಮೇಲಿನ ಕೆಲವು ಇಂಚು ಮಾತ್ರ. ದಿಬ್ಬದ ಮೇಲೆ ಅರ್ಧ ಅಡಿಗೂ ಹೆಚ್ಚು ಒಣ ಎಲೆ ಹೊದಿಸಿದರೆ ಆ ಚಳಿಯನ್ನು ತಡೆಯಬಹುದು. ನೀರು ನಿಂತ ಗುಂಡಿಗೆ ಮೇಲೆ ಏನು ಹೊದಿಸಿದರೂ ಪ್ರಯೋಜನವಿಲ್ಲ.

ಅಬರ್ಡೀನ್‌ನಲ್ಲಿ ನಾನಾಗಿದ್ದರೆ ಬಾಳೆಯನ್ನು ದೊಡ್ಡ ಕುಂಡದಲ್ಲಿಟ್ಟು ಚಳಿಗಾಲಕ್ಕೆ ಗ್ಯಾರೇಜಿಗೆ ಸಾಗಿಸುತ್ತಿದ್ದೆ. ಅದರಲ್ಲಿ ವಾದವೇ ಇಲ್ಲ.

ಉತ್ತರದಚಳಿ
ನಾನು ಮಾಡುವುದೂ ಅದೇ. ಆದರೆ ನಮ್ಮ ಸ್ಕಾಟ್ಲೆಂಡನ್ನು ಪೂರ್ತಿ ಕಡೆಗಣಿಸಬೇಡಿ. ನೈಋತ್ಯ ಮೂಲೆಯಲ್ಲಿ ಲೋಗನ್ ಸಸ್ಯೋದ್ಯಾನ ಇದೆ, ಅಲ್ಲಿ ಮರಜರಿ, ತಾಳೆ ಎಲ್ಲ ಹೊರಗಡೆಯೇ. ಕಡಲಿನ ಬಿಸಿ ಪ್ರವಾಹದ ಪುಣ್ಯ. ನೋಡಿ ಬನ್ನಿ.

ಕೆಸುವಿನೆಲೆ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಕೆಸುವಿನ ಬಗ್ಗೆ ಯಾರೂ ಹೇಳಲಿಲ್ಲ. ಲೆಸ್ಟರ್‌ನಲ್ಲಿ ಅಂಗಡಿಯಿಂದ ತಂದ ಸಣ್ಣ ಕೆಸುವಿನ ಗೆಡ್ಡೆಗಳನ್ನು ಮೇ ತಿಂಗಳಲ್ಲಿ ನೆಟ್ಟೆ. ಸೆಪ್ಟೆಂಬರ್‌ನಲ್ಲಿ ಎಲೆ ಮೊರದಗಲ. ಪತ್ರೊಡೆ ಮಾಡಿದೆ! ಈಗ ಗೆಡ್ಡೆ ಕೀಳಬೇಕಾ, ಬಿಡಬೇಕಾ?

ಬೆಂಗ್ಳೂರ್‌ಹುಡ್ಗ
ಪತ್ರೊಡೆ ಫೋಟೋ ಹಾಕದೆ ಪ್ರಶ್ನೆ ಕೇಳುವುದು ನಿಯಮಬಾಹಿರ.

ಮಲೆನಾಡ್‌ಮಾಣಿ
ಗಂಟಲು ತುರಿಸಲಿಲ್ಲವಾ? ಅಂಗಡಿ ಕೆಸುವಿನ ಎಲೆ ಕೆಲವು ಸಲ ಜೋರಾಗಿ ತುರಿಸುತ್ತದೆ.

ಕೆಸುವಿನೆಲೆ
ಹುಣಸೆಹುಳಿ ಸ್ವಲ್ಪ ಜಾಸ್ತಿಯೇ ಹಾಕಿದ್ದೆ, ಹಬೆಯಲ್ಲಿ ಚೆನ್ನಾಗಿ ಬೇಯಿಸಿದ್ದೆ. ಏನೂ ಆಗಲಿಲ್ಲ. ಹಿಟ್ಟಿಗೆ ಸ್ವಲ್ಪ ಬೆಲ್ಲ ಜಾಸ್ತಿ ಹಾಕಿ ನೋಡಿ, ಮತ್ತೆ ನನ್ನನ್ನು ನೆನೆಸಿಕೊಳ್ಳುತ್ತೀರಿ.

ಗಾಜಿನಮನೆ
ಕೆಸು ಕೀಳಿ. 'ಪಿಂಕ್ ಚೈನಾ' ಅನ್ನುವ ತಳಿ ನೆಲದಲ್ಲೇ ಉಳಿಯುವಷ್ಟು ಗಟ್ಟಿ, ಅಂಗಡಿಯ ತಿನ್ನುವ ಕೆಸು ಅಲ್ಲ. ಮೊದಲ ಹಿಮಕ್ಕೆ ಎಲೆ ಜೋತು ಬಿದ್ದ ಕೂಡಲೇ ಅಗೆದು, ದಂಟು ಕತ್ತರಿಸಿ, ಮಣ್ಣು ಉದುರಿಸಿ, ಒಂದು ವಾರ ಶೆಡ್‌ನಲ್ಲಿ ಆರಲು ಬಿಡಿ. ಆಮೇಲೆ ಒಣ ಮಣ್ಣಿನ ಡಬ್ಬದಲ್ಲಿ, ಮನೆಯೊಳಗಿನ ತಂಪು ಮೂಲೆಯಲ್ಲಿ ಇಟ್ಟರೆ ಸಾಕು.

ಗೆಡ್ಡೆ ತೆಗೆದಿಡುವ ವಿಷಯ ಬಂದದ್ದಕ್ಕೆ ಇನ್ನಷ್ಟು. ಡೇಲಿಯಾ ದಂಟು ಒಳಗೆ ಟೊಳ್ಳು. ಕತ್ತರಿಸಿದ ಮೇಲೆ ಬಾಯಿ ಮೇಲೆ ಮಾಡಿ ಇಟ್ಟರೆ ಆ ಕೊಳವೆಯಲ್ಲಿ ನೀರು ನಿಂತು ಗೆಡ್ಡೆಯ ಕುತ್ತಿಗೆಯೇ ಕೊಳೆಯುತ್ತದೆ. ಕಣ್ಣು ಇರುವುದೇ ಕುತ್ತಿಗೆಯಲ್ಲಿ. ಅದಕ್ಕೇ ಕೆಲವು ದಿನ ತಲೆಕೆಳಗು ಮಾಡಿ ಬಸಿಯಲು ಬಿಡಿ. ಕ್ಯಾನಾ ಹಾಗಲ್ಲ. ಡೇಲಿಯಾ ಹಾಗೆ ಪೂರ್ತಿ ಒಣಗಿಸಿಟ್ಟರೆ ಸುಕ್ಕಿ ಸಾಯುತ್ತದೆ, ಕೈಗೆ ತೇವ ಅನ್ನಿಸುವ ಹದದ ಮಣ್ಣಿನಲ್ಲಿ ಇಡಬೇಕು. ಎನ್ಸೆಟೆ ಅಂತ ಕೆಂಪೆಲೆಯ ಬಾಳೆಜಾತಿ ಇಟ್ಟುಕೊಂಡವರು ಹಿಮ ಬೀಳುವ ಮುಂಚೆಯೇ ಅಗೆದುಬಿಡಿ. ಅದು ಬಾಸ್ಜೂ ತರ ಬುಡದಿಂದ ಕಂದು ಹೊಡೆಯುವುದಿಲ್ಲ, ಹೋದರೆ ಹೋದಂತೆಯೇ. ಅದನ್ನೂ ಎಲೆ ಕತ್ತರಿಸಿ, ತಲೆಕೆಳಗೆ ನಿಲ್ಲಿಸಿ ನೀರು ಬಸಿದು, ಹಿಮ ತಾಗದ ಒಣ ಜಾಗದಲ್ಲಿ ಇಡಬೇಕು.

ಹಿತ್ತಲಬಾಳೆ
ಅಕ್ಕ, ತಾಳೆಯ ಸುಳಿ ವಿಷಯ ಹೇಳಲಿಲ್ಲ ನೀವು. ಅದರದ್ದೇ ನನಗೆ ಜಾಸ್ತಿ ಚಿಂತೆ.

ತೆಂಗಿನಗರಿ
ನಾನು ಹೇಳುತ್ತೇನೆ. ತಿಪಟೂರು ಕಡೆಯವನು, ಮನೆಯಲ್ಲಿ ತೆಂಗಿನ ತೋಟ. ನಿಮ್ಮದು ನೋಡಿದರೆ ಸುಳಿಕೊಳೆ. ಊರಲ್ಲಿ ತೆಂಗಿಗೆ ಬಂದರೆ ಕೊಳೆತದ್ದನ್ನೆಲ್ಲ ಗಟ್ಟಿ ಬಿಳಿ ಭಾಗ ಬರುವವರೆಗೆ ಕೆತ್ತಿ ತೆಗೆದು, ಬೋರ್ಡೋ ಮುಲಾಮು ಹಚ್ಚಿ, ಹೊಸ ಸುಳಿ ಬರುವ ತನಕ ಮಳೆ ನೀರು ಇಳಿಯದಂತೆ ಮುಚ್ಚುತ್ತೇವೆ. ಇಲ್ಲೂ ಅದೇ ಮಾಡಿ. ಮೈಲುತುತ್ತು, ಸುಣ್ಣ ಸೇರಿಸಿ ನೀವೇ ಮಾಡಿಕೊಳ್ಳಬಹುದು. ಮುಲಾಮು ಬೇಡ ಅಂದರೆ ದ್ರಾವಣ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು.

ಗಾಜಿನಮನೆ
ನಿಲ್ಲಿ ನಿಲ್ಲಿ. ಬ್ರಿಟನ್ನಿನಲ್ಲಿ ಮನೆತೋಟಕ್ಕೆ ಬೋರ್ಡೋ ಬಳಸುವಂತಿಲ್ಲ, ಮಾರಾಟ ನಿಂತು ಹತ್ತು ವರ್ಷದ ಮೇಲಾಯಿತು. ಮನೆಯಲ್ಲೇ ಕಲಸಿದರೂ ಅಷ್ಟೆ, ಅನುಮತಿ ಇಲ್ಲದ ಔಷಧಿ. ಇದನ್ನು ಇಲ್ಲಿ ಹೇಳಿಕೊಡಬೇಡಿ.

ತೆಂಗಿನಗರಿ
ಸುಮಾರು ನೂರು ವರ್ಷದಿಂದ ಅಡಿಕೆ ತೋಟದಲ್ಲಿ ಹೊಡೆಯುತ್ತಿದ್ದೇವೆ, ಇವರಿಗೆ ಹಿತ್ತಲಿನ ಒಂದು ತಾಳೆಗೆ ಆಗಲ್ವಂತೆ!

ಮಲೆನಾಡ್‌ಮಾಣಿ
ನೂರಕ್ಕೂ ಮೇಲೆ. ಮೈಸೂರು ಸಂಸ್ಥಾನಕ್ಕೆ ಕೆನಡಾದಿಂದ ಬಂದಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗ ಅಧ್ಯಯನ ಮಾಡಿ ಬೋರ್ಡೋ ಹೊಡೆಯಲು ಹೇಳಿಕೊಟ್ಟದ್ದು 1910ರ ಆಸುಪಾಸಿನಲ್ಲಿ. ಆದರೂ ಇಲ್ಲಿನ ಕಾನೂನು ಇಲ್ಲಿನದು ಬಿಡಿ. ನಿಮ್ಮ ಮಾತಿನಲ್ಲಿ ಔಷಧಿಗಿಂತ ಕೊನೆಯ ಭಾಗ ಮುಖ್ಯ: ಮಳೆ ನೀರು ಇಳಿಯದಂತೆ ಮುಚ್ಚುವುದು.

ಗಾಜಿನಮನೆ
ಸರಿಯಾಗಿ ಹೇಳಿದಿರಿ. ಟ್ರಾಕಿಗೆ ಎಲೆ, ಕಾಂಡ ಎರಡೂ ಗಟ್ಟಿ. ಮೈ ಮೇಲೆಲ್ಲ ನಾರಿನ ಅಂಗಿಯೇ ಇದೆ, ಫ್ಲೀಸ್ ಬೇಕಾಗಿಲ್ಲ. ಅಪಾಯ ಇರುವುದು ಸುಳಿಯ ನಡುವೆ ನೀರು ನಿಂತು, ಅದು ಹೆಪ್ಪುಗಟ್ಟಿ ಕರಗಿ, ಮತ್ತೆ ಹೆಪ್ಪುಗಟ್ಟುವಾಗ. ಹಿಮ ಬೀಳುವ ಮುನ್ಸೂಚನೆ ಇದ್ದಾಗ ಗರಿಗಳನ್ನು ಮೇಲಕ್ಕೆ ಎತ್ತಿ ಸಡಿಲವಾಗಿ ಕಟ್ಟಿ, ಮೇಲೆ ಒಂದು ತಗಡಿನ ಟೊಪ್ಪಿ ಇಡಿ. ಚಳಿ ಕಳೆದ ಕೂಡಲೇ ಬಿಚ್ಚಿ, ಗಾಳಿಯಾಡಲಿ.

ಈಗ ಸುಳಿ ಬದುಕಿದೆಯಾ ಅಂತ ನೋಡಲು ಎಳೆಯಬೇಡಿ. ಮಾರ್ಕರ್ ತೆಗೆದುಕೊಂಡು ಸುಳಿಗೂ ಪಕ್ಕದ ಬಲಿತ ಎಲೆಯ ಕಾಂಡಕ್ಕೂ ಸೇರಿ ಒಂದೇ ಅಡ್ಡಗೆರೆ ಎಳೆಯಿರಿ. ಒಂದೆರಡು ವಾರ ಬಿಟ್ಟು ನೋಡಿದಾಗ ಸುಳಿಯ ಗೆರೆ ಪಕ್ಕದ್ದಕ್ಕಿಂತ ಮೇಲೆ ಹೋಗಿದ್ದರೆ ಬೆಳೆಯುತ್ತಿದೆ. ಡಿಸೆಂಬರ್, ಜನವರಿಯಲ್ಲಿ ಗೆರೆ ಕದಲದಿದ್ದರೂ ಹೆದರಬೇಡಿ, ಆಗ ಆರೋಗ್ಯದ ಗಿಡವೂ ಬೆಳೆಯುವುದಿಲ್ಲ.

ಸುಳಿ ಕಿತ್ತು ಬಂದ ಗುಂಡಿಗೆ ಇಲ್ಲಿನ ತಾಳೆ ಬೆಳೆಯುವವರು 3 ಶೇಕಡಾದ ಹೈಡ್ರೋಜನ್ ಪೆರಾಕ್ಸೈಡ್ ಸುರಿಯುತ್ತಾರೆ. ನೊರೆ ಬರುತ್ತದೆ, ನಿಂತ ಮೇಲೆ ಮತ್ತೆ ಸುರಿಯುತ್ತಾರೆ. ಕೆಲವರಿಗೆ ಗಿಡ ಉಳಿದಿದೆ, ಕೆಲವರಿಗೆ ಇಲ್ಲ. ಪೆರಾಕ್ಸೈಡ್‌ನಿಂದ ಉಳಿಯಿತಾ, ಆಮೇಲೆ ಬಂದ ಬಿಸಿಲಿನಿಂದ ಉಳಿಯಿತಾ ಅನ್ನುವುದು ಪಂದ್ಯ ಕಟ್ಟುವ ವಿಷಯ.

ಥೇಮ್ಸ್‌ತೀರ
ದಾಲ್ಚಿನ್ನಿ ಪುಡಿ ಹಾಕಿ. ಗೆಡ್ಡೆ ಕತ್ತರಿಸಿದ ಜಾಗಕ್ಕೂ, ಸುಳಿಗೂ. ಬೂಷ್ಟು ಹತ್ತಿರ ಬರಲ್ಲ.

ಲೆಕ್ಕದವ
ಮಳೆಗೆ ತೊಳೆದುಹೋಗುವ ತನಕ ಹತ್ತಿರ ಬರಲ್ಲ. ಅರ್ಧ ಗಂಟೆ.

ಥೇಮ್ಸ್‌ತೀರ
ಸರಿ, ತಗಡಿನ ಟೊಪ್ಪಿ ಕೆಳಗೆ ಹಾಕಿ! ಇನ್ನೊಂದು ಉಪಾಯ: ಸುಳಿಯ ಸುತ್ತ ಕ್ರಿಸ್ಮಸ್ ದೀಪದ ಸರ ಸುತ್ತಿ. ಬೆಚ್ಚಗೂ ಇರುತ್ತದೆ, ನೋಡಲೂ ಚೆಂದ.

ಉತ್ತರದಚಳಿ
ಈಗಿನವು ಎಲ್ಲ ಎಲ್‌ಇಡಿ. ಶಾಖ ಎಲ್ಲಿಂದ ಬರಬೇಕು? ಹಳೆಯ ತಂತಿ ಬಲ್ಬಿನ ಸರ ಅಟ್ಟದಲ್ಲಿ ಇದ್ದವರಿಗೆ ಮಾತ್ರ ಈ ಯೋಗ. ಅದೂ ಹೊರಗಡೆ ಬಳಸುವ ಸರವೇ ಆಗಿರಬೇಕು, ಮಳೆಯಲ್ಲಿ ಕರೆಂಟ್ ಜೊತೆ ಆಟ ಬೇಡ.

ಥೇಮ್ಸ್‌ತೀರ
ಅಟ್ಟದಲ್ಲಿ ಇದೆ. ಪೆಟ್ಟಿಗೆ ಮೇಲೆ ಮನೆಯೊಳಗೆ ಮಾತ್ರ ಅಂತ ಬರೆದಿದೆ. ಬಿಟ್ಟೆ.

ಸುಗಂಧಿ_ಸಾಲು
ಸುರುಳಿ ಸುಗಂಧಿಯವರು ಇಲ್ಲಿ ಇದ್ದಾರೆ ಅಂತ ಓಡಿ ಬಂದೆ. ಹಿತ್ತಲಬಾಳೆಯವರೇ, ನಿಮ್ಮಲ್ಲಿ ಹೋದದ್ದು ಬಿಳಿಯದು ಮಾತ್ರವಾ? ಹಳದಿಯದು ಉಳಿದಿದೆಯಾ?

ಹಿತ್ತಲಬಾಳೆ
ಹೌದು. ಹಳದಿಯದು ಸ್ವಲ್ಪ ತಡವಾಗಿ ಚಿಗುರಿ ಸೆಪ್ಟೆಂಬರ್‌ನಲ್ಲಿ ಹೂ ಬಿಟ್ಟಿತು. ನಮ್ಮ ಊರಿನ ಕೆರೆ ಪಕ್ಕ ಬೆಳೆಯುವ ಬಿಳಿಯದೇ ನನಗೆ ಬೇಕಾಗಿದ್ದದ್ದು.

ಸುಗಂಧಿ_ಸಾಲು
ಬಿಳಿಯದು ಹೆಡಿಕಿಯಂ ಕೊರೊನೇರಿಯಂ. ಇಂಗ್ಲೆಂಡಿನಲ್ಲಿ ಹೊರಗೆ ನೆಟ್ಟರೆ ಉಳಿದರೂ ಹೂ ಬಿಡುವುದು ಅಪರೂಪ, ಅದಕ್ಕೆ ದೀರ್ಘ ಬೇಸಿಗೆ ಬೇಕು. ಹಳದಿಯದು ಗಾರ್ಡ್ನೇರಿಯನಂ, ಹಿಮಾಲಯದ್ದು, ತುಂಬಾ ಗಟ್ಟಿ. ನ್ಯೂಜಿಲೆಂಡ್‌ನಲ್ಲಿ ಅದು ಕಾಡಿಗೆ ನುಗ್ಗಿ ಕಳೆಯಾಗಿ ಕೂತಿದೆ ಅಂದರೆ ನೋಡಿ. ಬಿಳಿಯದನ್ನು ಕುಂಡದಲ್ಲಿ ಇಡಿ, ನವೆಂಬರ್‌ನಲ್ಲಿ ಒಳಗೆ ತನ್ನಿ, ಏಪ್ರಿಲ್‌ನಲ್ಲೇ ಬೆಚ್ಚಗಿನ ಕಿಟಕಿಗೆ ಇಟ್ಟು ಎಬ್ಬಿಸಿ. ಆಗ ಹೂವಿಗೆ ಸಮಯ ಸಿಗುತ್ತದೆ.

ನೆಲದಲ್ಲಿರುವ ಹಳದಿಯದರ ಗೆಡ್ಡೆ ಶುಂಠಿ ತರ ಮಣ್ಣಿನ ಮೇಲ್ಗಡೆಯೇ ಹರಡುತ್ತದೆ. ಭಯಕ್ಕೆ ಆಳವಾಗಿ ಹೂಳಬೇಡಿ. ಒಣ ಎಲೆ ದಪ್ಪಗೆ ಹಾಕಿ, ಅದರ ಮೇಲೆ ಹಳೆಯ ಸ್ಲೇಟ್ ಹಂಚು ಒಂದೆರಡು ಓರೆಯಾಗಿ ಇಡಿ. ಒಣ ಎಲೆ ಒಣಗಿದ್ದರೆ ಮಾತ್ರ ಹೊದಿಕೆ. ನೆನೆದರೆ ಅದೇ ಶೀತ.

ಹಿತ್ತಲಬಾಳೆ
ಫ್ಲೀಸ್ ಹಾಗಾದರೆ ದಂಡವಾ? ಹೊಸ ರೋಲ್ ತಂದಿಟ್ಟಿದ್ದೇನೆ.

ಮರಳುಮಣ್ಣು
ದಂಡ ಅಲ್ಲ. ಒಣ ರಾತ್ರಿಗೆ ಒಳ್ಳೆಯದು. ಚದರ ಮೀಟರಿಗೆ 17 ಗ್ರಾಂ ತೂಗುವ ತೆಳುವಿನದಾ, 30 ಗ್ರಾಮಿನದಾ ನೋಡಿ. ದಪ್ಪನೆಯದು ಒಂದೆರಡು ಡಿಗ್ರಿ ಕಾಯುತ್ತದೆ. ಆದರೆ ನೆನೆದ ಫ್ಲೀಸ್ ಎಲೆಗೆ ಅಂಟಿಕೊಂಡು ಅಲ್ಲೇ ಹೆಪ್ಪುಗಟ್ಟುತ್ತದೆ, ಜ್ವರ ಬಂದವರ ಹಣೆಗೆ ತಣ್ಣೀರು ಪಟ್ಟಿ ಹಾಕಿದ ಹಾಗೆ. ಹಿಮದ ಮುನ್ಸೂಚನೆ ಇದ್ದ ರಾತ್ರಿ ಹಾಕಿ, ಬೆಳಿಗ್ಗೆ ತೆಗೆಯಿರಿ. ನವೆಂಬರ್‌ನಲ್ಲಿ ಸುತ್ತಿ ಮಾರ್ಚ್‌ನಲ್ಲಿ ಬಿಚ್ಚುವ ವಸ್ತು ಅಲ್ಲ ಅದು.

ಕೆಸುವಿನೆಲೆ
ಹುಲ್ಲಿನ ಗೂಡಿನೊಳಗೆ ಇಲಿ ಸೇರಿಕೊಳ್ಳುವುದಿಲ್ವಾ? ನಮ್ಮ ಪಕ್ಕದ ಮನೆಯವರು ಈಗಾಗಲೇ ನಮ್ಮ ಗೊಬ್ಬರದ ಡಬ್ಬ ನೋಡಿ ಮುಖ ಸಿಂಡರಿಸುತ್ತಾರೆ.

ಮಲೆನಾಡ್‌ಮಾಣಿ
ಸೇರುತ್ತವೆ. ಧಾನ್ಯ ಉಳಿದಿರುವ ಹುಲ್ಲಾದರೆ ಇನ್ನೂ ಬೇಗ. ಬಲೆಯನ್ನು ನೆಲದೊಳಗೆ ನಾಲ್ಕು ಬೆರಳು ಹೂತರೆ ಸ್ವಲ್ಪ ಕಮ್ಮಿ. ಇಲಿಗಿಂತ ನನಗೆ ಕಾಟ ಕೊಡುವುದು ಗೊಂಡೆಹುಳು (ಸ್ಲಗ್). ಬೆಚ್ಚಗೆ ಮಲಗಿ ವಸಂತದಲ್ಲಿ ಮೊದಲ ಸುಳಿಯನ್ನೇ ತಿನ್ನುತ್ತವೆ. ಬಿಚ್ಚುವಾಗ ಹುಲ್ಲೆಲ್ಲ ಕೊಡವಿ ನೋಡಿ.

ಮಂಡ್ಯದಕಬ್ಬು
ಒಂದು ಮೂಲ ಪ್ರಶ್ನೆ. ಇಷ್ಟೆಲ್ಲ ಕಷ್ಟಪಟ್ಟು ಕಂಬ ಯಾಕೆ ಉಳಿಸಬೇಕು? ಊರಲ್ಲಿ ಗೊನೆ ಕಡಿದ ಮೇಲೆ ಕಂಬ ನಾವೇ ಕಡಿಯುತ್ತೇವೆ, ಕಂದು ಬರುತ್ತದೆ. ಬುಡ ಉಳಿದರೆ ಸಾಕಲ್ಲ?

ಗಾಜಿನಮನೆ
ಒಳ್ಳೆಯ ಪ್ರಶ್ನೆ. ಬುಡ ಮಾತ್ರ ಸಾಕು ಅಂದರೆ ಅರ್ಧ ಕೆಲಸ ಉಳಿಯುತ್ತದೆ. ನೆಲಮಟ್ಟಕ್ಕೆ ಕಡಿದು, ಬುಡಕ್ಕೆ ದಪ್ಪ ಹೊದಿಕೆ ಹಾಕಿ, ಮೇಲೆ ಚಾವಣಿ ಇಟ್ಟರೆ ಬೇಸಿಗೆಯಲ್ಲಿ ಆಳೆತ್ತರ ಬರುತ್ತದೆ. ಕಂಬ ಉಳಿದರೆ ಮುಂದಿನ ವರ್ಷ ಅದರ ಮೇಲಿಂದಲೇ ಬೆಳೆದು ಇನ್ನೂ ಎತ್ತರ ಹೋಗುತ್ತದೆ, ಕೆಲವು ವರ್ಷಕ್ಕೆ ಹೂವೂ ಬರಬಹುದು. ಹಣ್ಣಿನ ಆಸೆ ಬೇಡ, ಬಾಸ್ಜೂ ಕಾಯಿ ತುಂಬ ಬೀಜ, ತಿನ್ನಲು ಬಾರದು.

ಕಂಬ ಉಳಿಸುವವರು ಮೊದಲ ಹಿಮಕ್ಕೆ ಎಲೆ ಕಪ್ಪಾಗುವ ತನಕ ಕಾಯಿರಿ, ಆಮೇಲೆ ಎಲೆ ಮಾತ್ರ ಕತ್ತರಿಸಿ ಗೂಡು ಕಟ್ಟಿ. ಬೇಗ ಕತ್ತರಿಸಿದರೆ ತುದಿಯ ಗಾಯದಿಂದ ಮಳೆ ನೀರು ಒಳಗೆ ಇಳಿಯುತ್ತದೆ. ವಸಂತದಲ್ಲಿ ಮೇಲ್ತುದಿ ಮೆತ್ತಗಾಗಿದ್ದರೆ ಗಟ್ಟಿ ಭಾಗ ಬರುವ ತನಕ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುತ್ತಾ ಬನ್ನಿ. ನಡುವೆ ಬೆಳ್ಳಗೆ, ಗಟ್ಟಿಯಾಗಿ ಕಂಡರೆ ಅಲ್ಲಿಂದಲೇ ಎಲೆ ಬರುತ್ತದೆ.

ಇನ್ನೊಂದು, ಇದನ್ನು ಬೇಸಿಗೆಯಲ್ಲೇ ಹೇಳಬೇಕಿತ್ತು. ಆಗಸ್ಟ್ ಕೊನೆಯ ಮೇಲೆ ಸಾರಜನಕದ ಗೊಬ್ಬರ ಹಾಕಬೇಡಿ. ಮೆತ್ತನೆಯ ಎಳೆ ಕಂಬವೇ ಮೊದಲು ಕೊಳೆಯುವುದು.

ಕರಿಬೇವು_ಪ್ರೇಮಿ
ಇಲ್ಲಿ ಇಷ್ಟು ತಿಳಿದವರು ಇದ್ದೀರಿ, ನನ್ನ ಕರಿಬೇವನ್ನೂ ನೋಡಿ ದಯವಿಟ್ಟು. ಕುಂಡದಲ್ಲಿದೆ, ಅಡುಗೆಮನೆ ಕಿಟಕಿಯಲ್ಲಿ. ಎಲೆ ಹಳದಿಯಾಗಿ ಉದುರುತ್ತಿದೆ. ದಿನಾ ನೀರು ಹಾಕುತ್ತೇನೆ.

ಮರಳುಮಣ್ಣು
ಕೊನೆಯ ವಾಕ್ಯದಲ್ಲೇ ಉತ್ತರ ಇದೆ 🙂

ಗಾಜಿನಮನೆ
ಕರಿಬೇವು ಈ ಪಟ್ಟಿಗೆ ಸೇರುವ ಗಿಡ ಅಲ್ಲ, ಹೊರಗೆ ಬಿಡುವ ಮಾತೇ ಇಲ್ಲ. ಆದರೆ ರೋಗ ಒಂದೇ. ಬೆಳಕು ಕಮ್ಮಿ ಇರುವ ಕಾಲದಲ್ಲಿ ಎಲೆ ಉದುರಿಸುವುದು ಅದರ ಸ್ವಭಾವ, ಸಾಯುತ್ತಿಲ್ಲ. ಕುಂಡದ ಮೇಲ್ಮಣ್ಣು ಒಂದು ಇಂಚು ಒಣಗುವ ತನಕ ನೀರು ಮುಟ್ಟಿಸಬೇಡಿ. ತಟ್ಟೆಯಲ್ಲಿ ನೀರು ನಿಂತಿದ್ದರೆ ಚೆಲ್ಲಿ. ಬರಿ ಕಡ್ಡಿ ಉಳಿದರೂ ಬಿಸಾಡಬೇಡಿ, ಉಗುರಿನಿಂದ ತೊಗಟೆ ಕೆರೆದಾಗ ಹಸಿರು ಕಂಡರೆ ಮಾರ್ಚ್‌ನಲ್ಲಿ ಚಿಗುರುತ್ತದೆ.

ಬೆಂಗ್ಳೂರ್‌ಹುಡ್ಗ
ಬಾಳೆ ಕೇಳಲು ಬಂದು ಕರಿಬೇವು, ಪತ್ರೊಡೆ, ಕೋಲ್ಮನ್ ಸಾಹೇಬರು ಎಲ್ಲ ಆಯಿತು. ನನಗೂ ಒಂದು ಕಂದು ಬೇಕು ಅನ್ನಿಸುತ್ತಿದೆ. ಮೂರನೇ ಮಹಡಿ, ಬಾಲ್ಕನಿ ಇದೆ.

ಉತ್ತರದಚಳಿ
ಟೂಟಿಂಗ್‌ಗೆ ಹೋಗಿ 😏

ಮರಳುಮಣ್ಣು
ಬಾಲ್ಕನಿ ಗಾಳಿಗೆ ಬಾಳೆಎಲೆ ಚಿಂದಿಯಾಗುತ್ತದೆ, ಕುಂಡದಲ್ಲಿ ಬೇರು ನೆಲಕ್ಕಿಂತ ಬೇಗ ಹೆಪ್ಪುಗಟ್ಟುತ್ತದೆ. ಅಲ್ಲಿಗೆ ಗಿಡ್ಡ ಜಾತಿಯ ಕಮೆರಾಪ್ಸ್ ತಾಳೆ ಒಳ್ಳೆಯದು. ಕುಂಡದ ಕೆಳಗೆ ಎತ್ತರಕ್ಕೆ ಇಟ್ಟಿಗೆ ಚೂರು ಕೊಡಿ, ನೀರು ಹರಿದು ಹೋಗಲಿ.

ಹಿತ್ತಲಬಾಳೆ
ಎಲ್ಲರಿಗೂ ಧನ್ಯವಾದ. ಶನಿವಾರ ಮಳೆ ಇಲ್ಲ ಅಂತಿದೆ, ಕೋಳಿ ಬಲೆ ತರುತ್ತೇನೆ. ತಾಳೆಗೆ ಮಾರ್ಕರ್ ಗೆರೆ ಇವತ್ತೇ ಹಾಕಿದೆ. ಸ್ಲೇಟ್ ಹಂಚು ಎಲ್ಲಿ ಸಿಗುತ್ತದೆ? ದೊಡ್ಡ ಅಂಗಡಿಯಲ್ಲಿ ಕಟ್ಟುಗಟ್ಟಲೆ ಮಾತ್ರ ಮಾರುತ್ತಾರೆ.

ಸುಗಂಧಿ_ಸಾಲು
ಯಾರ ಮನೆಯ ಚಾವಣಿ ರಿಪೇರಿ ನಡೆಯುತ್ತಿದೆಯೋ ಅವರ ಮನೆ ಮುಂದಿನ ಕಸದ ತೊಟ್ಟಿ ನೋಡಿ, ಕೆಲಸದವರನ್ನು ಕೇಳಿದರೆ ಸುಮ್ನೆ ಕೊಡುತ್ತಾರೆ. ಮೂಲೆ ಒಡೆದದ್ದಾದರೂ ಪರವಾಗಿಲ್ಲ. ಕೇಳದೆ ಎತ್ತಬೇಡಿ.